ಎಡಿಸನ್‌ನಲ್ಲಿ ಸತ್ಯನಾರಾಯಣ ಪೂಜೆ: ಹಾಲು, ಪಂಚಾಮೃತ, ಸಪಾದ ಎಲ್ಲಾ ಆಗತ್ತೆ, ಧೈರ್ಯವಾಗಿ ಮಾಡಿ

ನಮಸ್ಕಾರ. ನೀವು ಕೇಳಿದ್ದು ಇಷ್ಟು: ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಮೂರು ತಿಂಗಳಾಯ್ತು, ಎಂಟು ತಿಂಗಳ ಮಗು ಇದೆ, ಬಾಡಿಗೆ ಅಪಾರ್ಟ್‌ಮೆಂಟು, ಹೊಸ ಮನೇಲಿ ಹಾಲುಕ್ಕಿಸಿ ಒಂದು ಸತ್ಯನಾರಾಯಣ ಪೂಜೆ ಮಾಡ್ಕೊಳಿ ಅಂತ ಅಮ್ಮ ಪ್ರತಿ ಫೋನಲ್ಲೂ ಹೇಳ್ತಾರೆ, ಆದ್ರೆ ಅಂಗಡೀಲಿ ಹಾಲಿನ ಕಪಾಟಿನ ಮುಂದೆ ನಿಂತ್ರೆ ಯಾವುದು ದೇವರಿಗೆ ಆಗತ್ತೆ ಯಾವುದು ಆಗಲ್ಲ ಗೊತ್ತಾಗಲ್ಲ, ಇಲ್ಲಿಗೆ ಬಂದ್ಮೇಲೆ ಇದೆಲ್ಲ ನಿಧಾನಕ್ಕೆ ಬಿಟ್ಟೇ ಹೋಗತ್ತಾ ಅಂತ. ಕೊನೇ ಪ್ರಶ್ನೆಗೆ ಮೊದ್ಲು ಹೇಳ್ತೀನಿ. ತಾನಾಗಿ ಏನೂ ಬಿಟ್ಟುಹೋಗಲ್ಲ, "ಇನ್ನೊಂದು ಸ್ವಲ್ಪ ಸೆಟ್ಲ್ ಆಗ್ಲಿ" ಅಂತ ಮುಂದಕ್ಕೆ ಹಾಕ್ತಾ ಹೋದ್ರೆ ಮಾತ್ರ ಹೋಗತ್ತೆ. ಅದೂ ನೀವಿರೋದು ಎಡಿಸನ್, ಓಕ್ ಟ್ರೀ ರೋಡಲ್ಲಿ ಅರಿಶಿನ ಕುಂಕುಮದಿಂದ ಹಿಡಿದು ವೀಳ್ಯದೆಲೆವರೆಗೂ ಸಿಗತ್ತೆ, ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ನಿಮ್ಮೂರಲ್ಲೇ ಇದೆ, ಬ್ರಿಡ್ಜ್‌ವಾಟರ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಇದೆ, ಪುರೋಹಿತರು ಬೇಕಾದ್ರೆ ಎರಡು ಕಡೆನೂ ವಿಚಾರಿಸಬಹುದು. ಹಾಗಾಗಿ ಸಾಮಾನು ಸಿಗಲ್ಲ ಅನ್ನೋ ಚಿಂತೆ ಬಿಡಿ. ಇಲ್ಲಿ ಕಷ್ಟ ಇರೋದು ಸಾಮಾನು ಸಿಗೋದ್ರಲ್ಲಿ ಅಲ್ಲ, ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋದನ್ನ ಓದೋದ್ರಲ್ಲಿ.

ಹಾಲು. ಹೋಲ್ ಮಿಲ್ಕ್ ಅಂತ ಬರೆದಿರೋದು ತಗೊಳಿ, ಅದ್ರಲ್ಲಿ ಕೊಬ್ಬು ಕನಿಷ್ಠ ಶೇ. 3.25 ಇರತ್ತೆ. ನಂದಿನಿ ನೀಲಿ ಪ್ಯಾಕೆಟ್ಟಲ್ಲಿ ಶೇ. 3, ಶುಭಂನಲ್ಲಿ ಶೇ. 4.5, ಅಂದ್ರೆ ನೀಲಿ ಪ್ಯಾಕೆಟ್ಟಿಗಿಂತ ಒಂಚೂರು ಗಟ್ಟಿ ಅಂದ್ಕೊಳಿ. ಮಾಮೂಲಿ ಕಪಾಟಲ್ಲಿ ಬೇರೆ ಹೆಸರಿಲ್ದೆ ಬರೀ ಮಿಲ್ಕ್ ಅಂತ ಇರೋದೆಲ್ಲ ಹಸುವಿನ ಹಾಲೇ, ಎಮ್ಮೆ ಹಾಲು ಬೆರೆತಿರತ್ತಾ ಅನ್ನೋ ಅನುಮಾನನೇ ಬೇಡ, ಪಂಚಾಮೃತಕ್ಕೆ ಹಸುವಿನ ಹಾಲೇ ಆಗಬೇಕು ಅನ್ನೋ ಮನೆಯವರಿಗೆ ಇದು ಊರಿಗಿಂತ ಸುಲಭ. ಆರ್ಗ್ಯಾನಿಕ್ ಒಳ್ಳೇದು ಅಂತ ಕಣ್ಮುಚ್ಚಿ ತಗೋಬೇಡಿ, ಅದ್ರಲ್ಲಿ ಬಹಳಷ್ಟು ಅಲ್ಟ್ರಾ ಪ್ಯಾಶ್ಚರೈಸ್ಡ್ ಇರತ್ತೆ, ಅಂದ್ರೆ ಸುಮಾರು 138 ಡಿಗ್ರಿ ಸೆಲ್ಸಿಯಸ್‌ಗೆ ಎರಡು ಸೆಕೆಂಡ್ ಕಾಯಿಸಿರೋದು, ವಾರಗಟ್ಟಲೆ ಕೆಡಲ್ಲ ಆದ್ರೆ ಕಾಸಿದ ವಾಸನೆ ಮೊದಲೇ ಬಂದುಬಿಟ್ಟಿರತ್ತೆ. ಮಾಮೂಲಿ ಪ್ಯಾಶ್ಚರೈಸ್ಡ್ ಹಾಲು 72 ಡಿಗ್ರಿಗೆ 15 ಸೆಕೆಂಡ್ ಕಾಯಿಸಿರೋದು, ದೇವರಿಗೆ ನಾನು ತರೋದು ಅದನ್ನೇ. ಕಾಸಿದ್ರೆ ಊರಿನ ಥರ ದಪ್ಪ ಕೆನೆ ಕಟ್ಟಲ್ಲ ಅಂತ ಬೇಜಾರಾಗಬೇಡಿ, ಹೋಮೋಜಿನೈಸ್ ಮಾಡಿರ್ತಾರೆ, ಅಂದ್ರೆ ಕೊಬ್ಬನ್ನ ಸಣ್ಣಗೆ ಒಡೆದು ಹಾಲಲ್ಲೇ ಬೆರೆಸಿರ್ತಾರೆ, ಅಷ್ಟೇ. ಕೆನೆ ಬೇಕೇ ಬೇಕು ಅಂದ್ರೆ ಕ್ರೀಮ್ ಟಾಪ್ ಅಂತ ಗಾಜಿನ ಬಾಟಲಲ್ಲಿ ಬರತ್ತೆ, ರೇಟು ಜಾಸ್ತಿ.

ಇನ್ನು ಅಭಿಷೇಕಕ್ಕೆ ಕಾಸದೇ ಇರೋ ಹಾಲು ಬೇಕಲ್ವಾ, ಅದಕ್ಕೆ ಕೆಲವರು ಪಕ್ಕದ ಪೆನ್ಸಿಲ್ವೇನಿಯಾಗೆ ಡ್ರೈವ್ ಮಾಡ್ಕೊಂಡು ಹೋಗಿ ಫಾರ್ಮಿಂದ ಕರೆದ ಹಾಲು ತರ್ತಾರೆ. ಮನೇಲಿ ಕೂಸು ಇರುವಾಗ ಅದು ಖಂಡಿತ ಬೇಡ. ಊರಲ್ಲಿ ನಂದಿನಿ ಪ್ಯಾಕೆಟ್ ಒಡೆದು ನೇರ ದೇವರ ಮೇಲೆ ಹಾಕಲ್ವಾ, ಅದೂ ಪ್ಯಾಶ್ಚರೈಸ್ ಆದ ಹಾಲೇ.

ಹಾಲಿಗಿಂತ ಮೊಸರಲ್ಲಿ ಹುಷಾರಾಗಿರಬೇಕು, ಇದನ್ನ ಹೊಸದಾಗಿ ಬಂದವರಿಗೆಲ್ಲಾ ಒತ್ತಿ ಹೇಳ್ತೀನಿ. ಇಲ್ಲಿನ ಎಷ್ಟೋ ಯೋಗರ್ಟಲ್ಲಿ ಗಟ್ಟಿಯಾಗ್ಲಿ ಅಂತ ಜೆಲಾಟಿನ್ ಹಾಕಿರ್ತಾರೆ, ಅದು ಪ್ರಾಣಿಗಳ ಚರ್ಮ ಮೂಳೆಯಿಂದ ಬರೋದು. ಮುಂದೆ ದೊಡ್ಡದಾಗಿ ಪ್ಲೇನ್ ಅಂತಿರತ್ತೆ, ಹಿಂದೆ ತಿರುಗಿಸಿದ್ರೆ ಹಾಲು, ಪೆಕ್ಟಿನ್, ಜೆಲಾಟಿನ್ ಅಂತ ಸಾಲಾಗಿರತ್ತೆ. ಹಾಲು ಮತ್ತೆ ಕಲ್ಚರ್ (ಹೆಪ್ಪಿನ ಬ್ಯಾಕ್ಟೀರಿಯಾ) ಎರಡು ಬಿಟ್ಟು ಮೂರನೇ ಹೆಸರು ಇದ್ರೆ ವಾಪಸ್ ಇಟ್ಬಿಡಿ. ಒಂದ್ಸಲ ಒಳ್ಳೇ ಮೊಸರು ಸಿಕ್ತು ಅಂದ್ರೆ ಅದ್ರಲ್ಲೇ ಹೆಪ್ಪು ಹಾಕಿ, ಚಳಿಗಾಲದಲ್ಲಿ ಓವನ್ ಆನ್ ಮಾಡದೆ ಒಳಗಿನ ಲೈಟ್ ಮಾತ್ರ ಹಾಕಿ ಪಾತ್ರೆ ಇಟ್ರೆ ಬೆಳಿಗ್ಗೆಗೆ ಹೆಪ್ಪಾಗಿರತ್ತೆ. ಸಕ್ಕರೆನೂ ಹಾಗೇ, ಇಲ್ಲಿನ ಕೆಲವು ರಿಫೈನರಿಗಳು ಕಬ್ಬಿನ ಬಿಳಿ ಸಕ್ಕರೆ ಶುದ್ಧಿ ಮಾಡೋಕೆ ಮೂಳೆ ಇದ್ದಿಲು ಬಳಸ್ತಾರೆ, ಆರ್ಗ್ಯಾನಿಕ್ ಸಕ್ಕರೆಗೆ ಮತ್ತೆ ಬೀಟ್ ಸಕ್ಕರೆಗೆ ಬಳಸಲ್ಲ. ದೇವರ ಡಬ್ಬಕ್ಕೆ ಆರ್ಗ್ಯಾನಿಕ್ ಒಂದು ಪ್ಯಾಕೆಟ್ ತಂದಿಟ್ಕೊಂಡ್ರೆ ವರ್ಷದ ಹಬ್ಬಕ್ಕೆಲ್ಲ ಸಾಕು.

ತುಪ್ಪ ಊರಿಂದ ತರಿಸೋಕೆ ಹೋಗ್ಬೇಡಿ, ಕಾಲುಬಾಯಿ ಜ್ವರ ಇರೋ ದೇಶಗಳಿಂದ ಹಾಲಿನ ಪದಾರ್ಥ ತರೋದಕ್ಕೆ ಇಲ್ಲಿ ನಿಯಮ ಬಿಗಿ ಇದೆ, ಏರ್‌ಪೋರ್ಟಲ್ಲಿ ಅಮ್ಮ ಕೊಟ್ಟ ತುಪ್ಪ ಕಸದ ಡಬ್ಬಿಗೆ ಹೋಗೋದು ನೋಡೋ ಸಂಕಟ ಯಾಕೆ. (ಇದೇ ಮಾತಿಗೆ ಇನ್ನೊಂದು, ಅಮ್ಮ ಬರುವಾಗ ದುಬೈ ಅಥವಾ ಸಿಂಗಪುರ ಮೇಲೆ ಬಂದ್ರೆ ಗಸಗಸೆ ಪಾಯಸಕ್ಕೆ ಅಂತ ಗಸಗಸೆ ಕಟ್ಕೊಂಡು ಬರೋದು ಬೇಡ ಅಂತ ಖಡಾಖಂಡಿತ ಹೇಳಿ, ಅಲ್ಲಿ ಅದು ನಿಷೇಧ, ಇಲ್ಲಿ ಎಲ್ಲಾ ಅಂಗಡೀಲೂ ಸಿಗತ್ತೆ.) ಇಲ್ಲಿ ಉಪ್ಪಿಲ್ಲದ ಬೆಣ್ಣೆ ಒಂದು ಪೌಂಡ್ ತಂದು ದಪ್ಪ ತಳದ ಪಾತ್ರೇಲಿ ಸಣ್ಣ ಉರೀಲಿ ಇಡಿ. ಮೊದ್ಲು ಬಿಳೀ ನೊರೆ ಮೇಲೆ ಬಂದು ಚಟಪಟ ಅನ್ನತ್ತೆ, ಅದು ನೀರು ಹೋಗೋ ಸದ್ದು. ಸದ್ದು ನಿಂತು ನೊರೆ ಸಣ್ಣಗಾಗಿ, ತಳದ ಗಷ್ಟು ತಿಳಿ ಕಂದು ಬಣ್ಣಕ್ಕೆ ತಿರುಗಿದ ಕ್ಷಣ ಕೆಳಗಿಳಿಸಿ ಎರಡು ವೀಳ್ಯದೆಲೆ ಹಾಕಿ, ಇಲ್ಲಿ ಅರ್ಧ ನಿಮಿಷ ಆಚೆ ಈಚೆ ಆದ್ರೂ ಸೀಯತ್ತೆ. ಒಂದು ಪೌಂಡ್ ಬೆಣ್ಣೆಗೆ ಒಂದೂವರೆ ಕಪ್ ಮೇಲೆ ತುಪ್ಪ ಬರತ್ತೆ, ಸಪಾದದ ಪ್ರಸಾದಕ್ಕೂ ಆಯ್ತು ಪಂಚಾಮೃತಕ್ಕೂ ಆಯ್ತು.

ಪಂಚಾಮೃತ ನಿಮಗೆ ಗೊತ್ತಿರೋದೇ, ಹಾಲು ಮೊಸರು ತುಪ್ಪ ಜೇನು ಸಕ್ಕರೆ, ಅಭಿಷೇಕನೂ ಅದೇ ಕ್ರಮದಲ್ಲಿ. ಒಂದು ಕಪ್ ಹಾಲಿಗೆ ಅರ್ಧ ಕಪ್ ಮೊಸರು, ಎರಡು ಚಮಚ ಸಕ್ಕರೆ, ಒಂದು ಚಮಚ ಜೇನು, ಅರ್ಧ ಚಮಚ ತುಪ್ಪ, ತುಪ್ಪ ಜೇನು ಸಮಸಮ ಹಾಕಬಾರದು ಅಂತಾರೆ ಹಿರಿಯರು. ತಾಮ್ರದ ತಟ್ಟೇಲಿ ಬೇಡ, ಬೆಳ್ಳಿ ಇಲ್ದಿದ್ರೆ ಸ್ಟೀಲಲ್ಲಿ ಮಾಡಿ, ಮೊಸರಿನ ಹುಳಿಗೆ ತಾಮ್ರ ಬಿಡತ್ತೆ. ಆದ್ರೆ ದಯವಿಟ್ಟು ಕೇಳಿ, ನಿಮ್ಮ ಕೂಸಿಗೆ ಪಂಚಾಮೃತ ಒಂದು ಹನಿನೂ ನೆಕ್ಕಿಸಬೇಡಿ. ಒಂದು ವರ್ಷ ತುಂಬದ ಮಕ್ಕಳಿಗೆ ಜೇನು ಕೊಡಬಾರದು, ಅದ್ರಲ್ಲಿರಬಹುದಾದ ಬೊಟ್ಯುಲಿಸಂ ಬೀಜಾಣು ಅಷ್ಟು ಚಿಕ್ಕ ಕರುಳಲ್ಲಿ ಬೆಳೆದು ವಿಷ ಮಾಡತ್ತೆ, ಇಲ್ಲಿನ ಮಕ್ಕಳ ಡಾಕ್ಟ್ರೂ ಇದನ್ನೇ ಹೇಳ್ತಾರೆ. ಬಂದ ಹಿರಿಯರು ಪ್ರೀತಿಯಿಂದ "ತೀರ್ಥ ತಾನೇ" ಅಂತ ಬಾಯಿಗೆ ಇಡೋಕೆ ಬರ್ತಾರೆ, ಮೊದಲೇ ಹೇಳಿಡಿ, ಹಣೆಗೆ ತುಳಸಿ ನೀರು ಪ್ರೋಕ್ಷಣೆ ಮಾಡಿದ್ರೆ ಆಶೀರ್ವಾದ ಕಮ್ಮಿಯಾಗಲ್ಲ. ಹಾಗೇ ಆರತಿ ಕರ್ಪೂರ ಬೇರೆ, ತೀರ್ಥಕ್ಕೆ ಹಾಕೋ ಪಚ್ಚಕರ್ಪೂರ ಬೇರೆ. ಆರತಿಯದು ಮಗು ಬಾಯಿಗೆ ಹಾಕ್ಕೊಂಡ್ರೆ ಫಿಟ್ಸ್ ಬರಬಹುದು, ಬಿಳೀ ಬಿಲ್ಲೆ ಪೆಪ್ಪರ್‌ಮೆಂಟ್ ಥರ ಕಾಣತ್ತೆ, ಅಂಬೆಗಾಲಿಡೋ ಮಗು ಮನೇಲಿ ಪೂಜೆ ಮುಗಿದ ತಕ್ಷಣ ಮೇಲಿನ ಕಪಾಟಿಗೆ ಹಾಕಿಬಿಡಿ.

ಈಗ ಸಪಾದ. ಒಂದೂಕಾಲು ಅಳತೆ ಅಂತಲೇ ಅದಕ್ಕೆ ಆ ಹೆಸರು ಬಂದಿದ್ದು, ಸೇರೇ ಆಗ್ಲಿ ಕಪ್ಪೇ ಆಗ್ಲಿ ಒಂದೂಕಾಲು ಇದ್ರೆ ಆಯ್ತು. ರವೆ, ಸಕ್ಕರೆ, ತುಪ್ಪ ತಲಾ ಒಂದೂಕಾಲು ಕಪ್, ಹಾಲು ಮಾತ್ರ ನಾನು ರವೆಯ ಎರಡರಷ್ಟು ಹಾಕ್ತೀನಿ, ಎರಡೂವರೆ ಕಪ್. ರವೆ ಅರ್ಧ ತುಪ್ಪದಲ್ಲಿ ಘಮ್ ಅನ್ನೋವರೆಗೂ ಹುರಿದು, ಪಕ್ಕದಲ್ಲಿ ಹಾಲು ಕುದೀತಿರಬೇಕು, ತಣ್ಣಗಿನ ಹಾಲು ಹಾಕಿದ್ರೆ ಗಂಟಾಗತ್ತೆ, ಬಿಸಿ ಹಾಲು ಹಾಕಿ ರವೆ ಪೂರ್ತಿ ಹಾಲು ಕುಡಿದ ಮೇಲೇ ಸಕ್ಕರೆ, ಆಮೇಲೆ ಸಣ್ಣಗೆ ಹೆಚ್ಚಿದ ಬಾಳೆಹಣ್ಣು, ಉಳಿದ ತುಪ್ಪ, ಏಲಕ್ಕಿ, ನಾಲ್ಕು ಎಸಳು ಕೇಸರಿ. ಏಲಕ್ಕಿ ಬಾಳೆ ಇಲ್ಲಿ ಕಷ್ಟ, ಮಾಮೂಲಿ ಉದ್ದ ಬಾಳೆಹಣ್ಣಿಗೆ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬರೋವರೆಗೂ ಕಾದು ಹಾಕಿ, ಆಗ ಸಿಹಿ ಬರತ್ತೆ. ನೈವೇದ್ಯ ಆಗೋವರೆಗೂ ರುಚಿ ನೋಡೋ ಹಾಗಿಲ್ಲ, ಅದಕ್ಕೇ ಅಳತೆ ಸರಿಯಾಗಿ ಹಾಕಬೇಕು. ಈರುಳ್ಳಿ ಬೆಳ್ಳುಳ್ಳಿ ತಾಗದ ಒಂದು ಬಾಣಲೆ ಇದಕ್ಕೇ ಅಂತ ತೆಗೆದಿಡಿ. ಗೋಡಂಬಿ ಹಾಕೋ ಮುಂಚೆ ಒಂದು ಡಬ್ಬಿಗೆ ಬೇರೆ ತೆಗೀರಿ, ಇಲ್ಲಿ ನಟ್ಸ್ ಅಲರ್ಜಿ ಇರೋ ಮಕ್ಕಳು ಬಹಳ.

ಅದಿಲ್ಲ ಇದಿಲ್ಲ ಅಂತ ಮನಸ್ಸು ಸಣ್ಣ ಮಾಡ್ಕೋಬೇಡಿ. ಸ್ಕಾಂದ ಪುರಾಣದ ರೇವಾಖಂಡದ್ದು ಅಂತ ನಾವು ಓದೋ ಅದೇ ಕಥೇಲಿ, ಗೋಧಿ ಇಲ್ದಿದ್ರೆ ಅಕ್ಕಿ ಹಿಟ್ಟಾಗತ್ತೆ, ಸಕ್ಕರೆ ಅಥವಾ ಬೆಲ್ಲ ಯಾವುದಾದ್ರೂ ಆಗತ್ತೆ ಅಂತ ಹೇಳಿದೆ. ಭಕ್ತಿ ಇದ್ರೆ ಯಾವ ದಿನ ಬೇಕಾದ್ರೂ ಮಾಡಬಹುದು ಅಂತಲೂ ಇದೆ, ಹುಣ್ಣಿಮೆಗೆ ರಜೆ ಸಿಗದ ಊರಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು. ಯಾವುದಕ್ಕೆ ಬದಲಿ ಇದೆ ಅಂತ ಕಥೆನೇ ಹೇಳತ್ತೋ ಅಲ್ಲಿ ಸಡಿಲವಾಗಿರಿ, ಜೆಲಾಟಿನ್ ಥರದ್ದು ಎಲ್ಲಿ ನುಸುಳತ್ತೋ ಅಲ್ಲಿ ಬಿಗಿಯಾಗಿರಿ, ನಾನು ಇಷ್ಟು ವರ್ಷದಿಂದ ಹಿಡ್ಕೊಂಡು ಬಂದಿರೋದು ಇದನ್ನೇ.

ಹಾಲುಕ್ಕಿಸೋಕೆ ಗಾಜಿನ ಸ್ಟೋವ್ ಆದ್ರೆ ನೇರ ಅದ್ರ ಮೇಲೆ ಉಕ್ಕಿಸಬೇಡಿ, ಹಾಲಿನ ಸಕ್ಕರೆ ಸುಟ್ಟು ಅಂಟಿದ್ರೆ ಹೋಗಲ್ಲ. ಚಿಕ್ಕ ಎಲೆಕ್ಟ್ರಿಕ್ ಬರ್ನರ್ ಒಂದು ದೊಡ್ಡ ತಟ್ಟೇಲಿಟ್ಟು, ಕಂಠದವರೆಗೂ ಹಾಲು ತುಂಬಿದ ಪುಟ್ಟ ಪಾತ್ರೆ ಇಟ್ಟು, ಪೂರ್ವಕ್ಕೆ ಎರಡು ಹನಿ ಚೆಲ್ಲಿದ ತಕ್ಷಣ ಆಫ್ ಮಾಡಿ. ಹೋಮ ಅಪಾರ್ಟ್‌ಮೆಂಟಲ್ಲಿ ಬೇಡ, ದೇವಸ್ಥಾನದಲ್ಲಿ ಮಾಡಿಸಿ. ಆರತಿ ಹೊತ್ತಿಗೆ ಕಿಟಕಿ ತೆಗೆದು ಎಕ್ಸಾಸ್ಟ್ ಹಾಕಿ, ಸ್ಮೋಕ್ ಅಲಾರಂನ ಬ್ಯಾಟರಿ ಮಾತ್ರ ತೆಗೀಬೇಡಿ.

ಕೊನೆಗೆ ಜನ. ಇಲ್ಲಿ ಮೊದಲ ವರ್ಷ ಕೊರೆಯೋದು ಒಂಟಿತನ, ಅದಕ್ಕೆ ಈ ಪೂಜೆಗಿಂತ ಒಳ್ಳೇ ನೆಪ ನನಗೆ ಗೊತ್ತಿಲ್ಲ. ಗೊಲ್ಲರು ಕೊಟ್ಟ ಪ್ರಸಾದ ಬೇಡ ಅಂದ ತುಂಗಧ್ವಜ ರಾಜನ ಕಥೆ ಕೊನೇ ಅಧ್ಯಾಯದಲ್ಲಿ ಬರತ್ತಲ್ಲ, ಪ್ರಸಾದ ಕೊಡೋದ್ರಲ್ಲಿ ತಗೊಳೋದ್ರಲ್ಲಿ ಮೇಲು ಕೀಳು ನೋಡಬಾರದು ಅಂತ, ಹಾಗಾಗಿ ಕನ್ನಡದವರನ್ನಷ್ಟೇ ಅಲ್ಲ ಎದುರು ಮನೆಯವರನ್ನೂ ಕರೀರಿ, ಏನೇನು ಹಾಕಿದೆ ಅಂತ ಹೇಳಿ ಕೊಡಿ, ಖುಷಿಯಿಂದ ತಿಂತಾರೆ. ನ್ಯೂಜೆರ್ಸಿಯ ಬೃಂದಾವನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಒಂದ್ಸಲ ಹೋಗಿ ಬನ್ನಿ, ಮುಂದಿನ ಪೂಜೆಗೆ ಮನೆ ತುಂಬತ್ತೆ.

ಹೊತ್ತಿನ ವಿಷ್ಯ. ಹುಣ್ಣಿಮೆ ದಿನವೇ ಮಾಡೋದಾದ್ರೆ ಊರಿನ ಕ್ಯಾಲೆಂಡರ್ ನೋಡ್ಬೇಡಿ, ತಿಥಿ ಇಲ್ಲಿ ಹಿಂದಿನ ದಿನವೇ ಬಂದಿರಬಹುದು, ನ್ಯೂಜೆರ್ಸಿ ಲೆಕ್ಕದ ಪಂಚಾಂಗ ದೇವಸ್ಥಾನದಲ್ಲಿ ಕೇಳಿ. ಪೂಜೆ ಸಂಜೆ ಹೊತ್ತಿಗೆ ಅಂತ ಕಥೇಲಿದೆ, ಆದ್ರೆ ಇಲ್ಲಿ ಶನಿವಾರ ಸಂಜೆ ಆರು ಅಂದ್ರೆ ಬೇಸಿಗೇಲಿ ಊರಲ್ಲಿ ಭಾನುವಾರ ಬೆಳಗಿನ ಜಾವ ಮೂರೂವರೆ. ಅಮ್ಮ ವಿಡಿಯೋದಲ್ಲಿ ಕೂತು ನೋಡ್ಬೇಕು ಅಂದ್ರೆ ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ, ಅವರಿಗೆ ಸಂಜೆ ಆರೂವರೆ, ದೀಪ ಹಚ್ಚೋ ಹೊತ್ತು, ಚಳಿಗಾಲದಲ್ಲಾದ್ರೆ ಏಳೂವರೆ.