ರಕ್ತಕ್ಕೆ ಜೀನ್ ಸೇರಿಸಿದರೆ ಕಿಡ್ನಿ ಉಳಿಯುವುದು ಹೇಗೆ?

ಪ್ರಶ್ನೆ: ಸಿಸ್ಟಿನೋಸಿಸ್ ಕಾಯಿಲೆಗೆ ಅಮೆರಿಕದಲ್ಲಿ ರಕ್ತದ ಕಾಂಡಕೋಶಗಳಿಗೆ ಜೀನ್ ಸೇರಿಸಿದ್ದಾರಂತೆ. ಕೆಡುವುದು ಕಿಡ್ನಿ ಅಲ್ಲವೇ? ಜೀನನ್ನು ನೇರವಾಗಿ ಅಲ್ಲಿಗೇ ಕಳಿಸಬಾರದೇಕೆ? ಬೇರೆ ಕಿಡ್ನಿ ಕಾಯಿಲೆಗಳಿಗೂ ಇದು ಆಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೇರ ದಾರಿಗೆ ಅಡ್ಡ ನಿಂತಿರುವುದು ಕಿಡ್ನಿಯ ಸೋಸುವ ಪದರವೇ. ಅದು ಆಲ್ಬುಮಿನ್ ಪ್ರೋಟೀನನ್ನೇ ತಡೆಯುತ್ತದೆ. ಜೀನ್ ಹೊರುವ ಎಎವಿ ವೈರಸ್ ಸುಮಾರು 25 ನ್ಯಾನೋಮೀಟರ್ ಅಗಲ, ಆಲ್ಬುಮಿನ್‌ಗಿಂತ ಎಷ್ಟೋ ದೊಡ್ಡದು. ರಕ್ತನಾಳಕ್ಕೆ ಚುಚ್ಚಿದರೆ ಅದರ ಬಹುಪಾಲು ಲಿವರ್ ಸೇರುತ್ತದೆ.

ಸಿಸ್ಟಿನೋಸಿಸ್‌ನಲ್ಲಿ ಸಿಟಿಎನ್ಎಸ್ ಜೀನ್ ಕೆಟ್ಟಿರುತ್ತದೆ. ಜೀವಕೋಶದೊಳಗೆ ಕಸ ಕರಗಿಸುವ ಚೀಲವಾದ ಲೈಸೋಸೋಮ್‌ನಿಂದ ಸಿಸ್ಟಿನ್ ಎಂಬ ಅಮೈನೋ ಆಮ್ಲ ಹೊರಬರಲಾರದೆ ಹರಳುಗಟ್ಟುತ್ತದೆ. ಕಿಡ್ನಿಯ ನಳಿಕೆಗಳು ಮೊದಲು ಸೋಲುತ್ತವೆ. ಸಕ್ಕರೆ, ಫಾಸ್ಫೇಟ್ ಮೂತ್ರದಲ್ಲಿ ಹೋಗುತ್ತವೆ.

ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೆಫನಿ ಶೆರ್ಕಿ ಅವರ ಸಂಶೋಧನೆಯಿಂದ ಹೊರಟ ಪ್ರಯೋಗ 2019ರಲ್ಲಿ ಶುರುವಾಯಿತು. ಮೊದಲು ಇಂಜೆಕ್ಷನ್ ಕೊಟ್ಟು ಮೂಳೆಮಜ್ಜೆಯ ಸಿಡಿ34 ಕೋಶಗಳನ್ನು (ರಕ್ತದ ಕಾಂಡಕೋಶಗಳನ್ನು) ರಕ್ತಕ್ಕೆ ಇಳಿಸಿ, ಯಂತ್ರದಲ್ಲಿ ಬೇರ್ಪಡಿಸುತ್ತಾರೆ. ಪ್ರಯೋಗಾಲಯದಲ್ಲಿ ಜೀನ್ ಹೊರುವ ಇನ್ನೊಂದು ವೈರಸ್ ಆದ ಲೆಂಟಿವೈರಸ್ ಅವಕ್ಕೆ ಸರಿಯಾದ ಜೀನ್ ಸೇರಿಸುತ್ತದೆ. ಬುಸಲ್ಫಾನ್ ಔಷಧದಿಂದ ಮಜ್ಜೆಯಲ್ಲಿ ಜಾಗ ಮಾಡಿದ ಮೇಲೆ ಕೋಶಗಳನ್ನು ಮರಳಿ ರಕ್ತಕ್ಕೆ ಬಿಡುತ್ತಾರೆ. ರೋಗಿಯದೇ ಕೋಶಗಳಾದ್ದರಿಂದ ಅನ್ಯರ ಮಜ್ಜೆ ಕಸಿಯಲ್ಲಿರುವಂತೆ ಅವು ದೇಹದ ಮೇಲೆ ತಿರುಗಿಬೀಳುವ ಭಯವಿಲ್ಲ.

ನಿಜವಾದ ಸೊಗಸು ಆಮೇಲಿನದು. ಈ ಕೋಶಗಳ ಸಂತತಿಯಲ್ಲಿ ಕೆಲವು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳಾಗಿ ಕಿಡ್ನಿಯಲ್ಲಿ ನೆಲೆಸುತ್ತವೆ. ಅವು ಅತಿ ಸಣ್ಣ ಕೊಳವೆಗಳನ್ನು ಚಾಚಿ, ನಳಿಕೆಯ ಸುತ್ತಲಿನ ಪದರವನ್ನೂ ದಾಟಿ, ಒಳಗಿನ ಕೋಶಗಳಿಗೆ ಆರೋಗ್ಯವಂತ ಲೈಸೋಸೋಮ್‌ಗಳನ್ನು ದಾಟಿಸುತ್ತವೆ. ಸಿಸ್ಟಿನ್ ತುಂಬಿದವನ್ನು ಅದೇ ಕೊಳವೆಯಲ್ಲಿ ವಾಪಸು ಎಳೆದುಕೊಳ್ಳುವುದೂ ಪ್ರಯೋಗಾಲಯದಲ್ಲಿ ಕಂಡಿದೆ. ವೈರಸ್‌ಗೆ ಮುಚ್ಚಿದ ದಾರಿ ಜೀವಕೋಶಕ್ಕೆ ತೆರೆದಿದೆ.

ಎಡವುವುದು ಎಲ್ಲಿ? ಇಲಿಗಳಲ್ಲಿ ರಕ್ತಕೋಶಗಳ ಅರ್ಧಕ್ಕಿಂತ ಹೆಚ್ಚು ಪಾಲು ಆರೋಗ್ಯವಂತ ಕೋಶಗಳಾದಾಗ ಮಾತ್ರ ಕಿಡ್ನಿ ದೀರ್ಘಕಾಲ ಉಳಿಯಿತು. ಬುಸಲ್ಫಾನ್ ಕಡಿಮೆಯಾದರೆ ಕೋಶಗಳು ಸಾಕಷ್ಟು ನೆಲೆಗೊಳ್ಳವು. ಹೆಚ್ಚಾದರೆ ಬಾಯಿಹುಣ್ಣು, ಸೋಂಕು, ಬಂಜೆತನ. ಆದ್ದರಿಂದ ವೀರ್ಯ ಅಥವಾ ಅಂಡಾಣುಗಳನ್ನು ಮೊದಲೇ ಕಾದಿರಿಸುವ ಮಾತು ಆಗಲೇಬೇಕು. ಒಂದು ಕೋಶದಲ್ಲಿ ಜೀನಿನ ಪ್ರತಿಗಳು ತೀರಾ ಹೆಚ್ಚಾದರೆ ಕ್ಯಾನ್ಸರಿನ ಅಪಾಯವೂ ಹೆಚ್ಚು. ಗಾಯಗಟ್ಟಿ ಸತ್ತ ನೆಫ್ರಾನ್‌ಗಳು (ಕಿಡ್ನಿಯ ಸೋಸುವ ಘಟಕಗಳು) ಮರಳಿ ಬಾರವು, ಹಾಗಾಗಿ ತಡವಾದಷ್ಟೂ ನಷ್ಟ. ಈ ಸುದ್ದಿ ಓದಿ ಯಾರೂ 6 ಗಂಟೆಗೊಮ್ಮೆ ಕೊಡುವ, ಸಿಸ್ಟಿನ್ ತಗ್ಗಿಸುವ ಸಿಸ್ಟಿಯಮೀನ್ ಔಷಧವನ್ನು ನಿಲ್ಲಿಸಬಾರದು.

ಬೇರೆ ಕಾಯಿಲೆಗಳೆಂದರೆ, ಆಲ್ಪೋರ್ಟ್ ಸಿಂಡ್ರೋಮ್ ಎಂಬ ಆನುವಂಶಿಕ ಕಿಡ್ನಿ ಕಾಯಿಲೆಗೆ ಇದು ಒಗ್ಗದು. ಅಲ್ಲಿ ಕೆಟ್ಟಿರುವುದು ಸೋಸುವ ಪದರದ ಕೊಲಾಜೆನ್ ಪ್ರೋಟೀನ್. ಅದನ್ನು ಆ ಪದರಕ್ಕೆ ಅಂಟಿಕೊಂಡಿರುವ ಪೋಡೋಸೈಟ್ ಕೋಶಗಳೇ ತಯಾರಿಸಬೇಕು, ಲೈಸೋಸೋಮ್ ಕೊಟ್ಟರೆ ಸಾಲದು. ಜೀನನ್ನೇ ನೇರ ಕಳಿಸೋಣವೆಂದರೆ, ಆ ಕೊಲಾಜೆನ್ ಜೀನಿನ ಸಂಕೇತ ಸುಮಾರು 5,000 ಅಕ್ಷರ ಉದ್ದ, ಎಎವಿ ಹೊರುವುದು ಸುಮಾರು 4,700 ಮಾತ್ರ.