ರೋಬಾಟ್ ತಾನಾಗಿಯೇ ಸಲಹೆ ಕೊಟ್ಟರೆ ಮಕ್ಕಳ ಸೃಜನಶೀಲತೆಗೆ ನೆರವಾಗುವುದೇ?

ಚಿತ್ರದುರ್ಗದ ಶಾಲೆಯಲ್ಲಿ ಮಕ್ಕಳು ಕಥೆ ಕಟ್ಟುವಾಗ ರೋಬಾಟ್ ಕೇಳದೆಯೇ ಮಾತನಾಡಬಹುದೇ ಎಂಬುದು ನಿಮ್ಮ ಪ್ರಶ್ನೆ. ಮಾತನಾಡಬಹುದು, ಆದರೆ ಯಾವಾಗ ಮತ್ತು ಏನನ್ನು ಹೇಳುತ್ತದೆ ಎಂಬುದೇ ಮುಖ್ಯ.

ತಂತ್ರಾಂಶ ಸಹಾಯಕಗಳ ಬಗ್ಗೆ ಮೈಕ್ರೋಸಾಫ್ಟ್‌ನ ಸಂಶೋಧಕ ಎರಿಕ್ ಹೊರ್ವಿಟ್ಜ್ 1999ರಲ್ಲಿ ಮಂಡಿಸಿದ ವಿಚಾರದ ಸಾರವಿಷ್ಟು: ಬಳಕೆದಾರರ ಉದ್ದೇಶ ಯಂತ್ರಕ್ಕೆ ಖಚಿತವಾಗಿದ್ದರೆ ಅದು ತಾನಾಗಿ ಮುಂದುವರಿಯಬೇಕು, ಅನುಮಾನವಿದ್ದರೆ ಕೇಳಬೇಕು, ಏನೂ ತಿಳಿಯದಿದ್ದರೆ ಸುಮ್ಮನಿರಬೇಕು. ಕಥೆ ಕಟ್ಟುವ ಮಗುವಿಗೆ ಮುಂದೇನೆಂದು ತನಗೇ ತಿಳಿದಿರುವುದಿಲ್ಲವಾದ್ದರಿಂದ, ಅಲ್ಲಿ ರೋಬಾಟಿಗೆ ಖಚಿತತೆ ಸಿಗುವುದು ಅಪರೂಪ. ಹಾಗಾಗಿ ಪ್ರಶ್ನೆಯೇ ಅದರ ಸರಿಯಾದ ಮಾತು ಎಂದು ನಾನು ದೃಢವಾಗಿ ನಂಬುತ್ತೇನೆ. ಒನಕೆ ಓಬವ್ವನ ಕಥೆ ಹೇಳುತ್ತಿರುವ ಹುಡುಗಿ ಕಿಂಡಿಯ ಬಳಿ ತಡೆದು ನಿಂತರೆ, ಹೈದರಾಲಿಯ ಸೈನಿಕರಿಗೆ ಮುಂದೇನಾಯಿತೆಂದು ರೋಬಾಟ್ ಹೇಳಿಬಿಡಬಾರದು. ಕಿಂಡಿಯಾಚೆ ಸರದಿಗೆ ಕಾದಿದ್ದವನಿಗೆ ಏನು ಕೇಳಿಸಿರಬಹುದೆಂದು ಕೇಳಿದರೆ, ಎಲ್ಲರಿಗೂ ಗೊತ್ತಿರುವ ಕಥೆ ಅವಳದೇ ಆಗುತ್ತದೆ.

ಕಷ್ಟವಿರುವುದು ಮೌನವನ್ನು ಅರ್ಥಮಾಡಿಕೊಳ್ಳುವಲ್ಲಿ. ಮಗು ಸಿಕ್ಕಿಬಿದ್ದಿರಬಹುದು, ಯೋಚಿಸುತ್ತಲೂ ಇರಬಹುದು. ಸೆಕೆಂಡುಗಳನ್ನಷ್ಟೇ ಎಣಿಸುವ ರೋಬಾಟ್ ಎರಡನ್ನೂ ಒಂದೇ ಎಂದು ಬಗೆಯುತ್ತದೆ. ಆದ್ದರಿಂದ ನೋಟ, ಕೈಚಲನೆ, ದನಿಯ ಏರಿಳಿತಗಳನ್ನೂ ಗಮನಿಸಬೇಕು. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಶಿಮೋನ್ ಎಂಬ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಮರಿಂಬಾ ವಾದ್ಯದ ವಾದಕ ರೋಬಾಟ್ ಸಹವಾದಕರನ್ನು ಆಲಿಸುತ್ತಾ, ತಾಳಕ್ಕೆ ತಲೆಯಾಡಿಸುತ್ತಾ ಮನೋಧರ್ಮದಿಂದ ನುಡಿಸುತ್ತದೆ. ಮುಂದಾಗುವ ಮುನ್ನ ಇಂಥ ಸೂಚನೆ ಕೊಡುವುದನ್ನು ತರಗತಿಯ ರೋಬಾಟಿಗೂ ಕಲಿಸಬಹುದು.