ತೀರಿಹೋದವರ ಮೇಲೆ ತೀರ್ಪು ಕೊಡುವವರು ಯಾರು?

ಪ್ರಶ್ನೆ: ನಾನು ಹೊನ್ನಾವರ ತಾಲ್ಲೂಕಿನ ಕಡಲತೀರದ ಊರೊಂದರವಳು, ಶಾಲಾ ಶಿಕ್ಷಕಿ. ಮೀನುಗಾರಿಕೆ ದೋಣಿಯೊಂದರಲ್ಲಿ ಪಾಲು ಹೊಂದಿದ್ದ ನಮ್ಮ ತಂದೆ ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ಕುಡಿತದ ಚಟವಿತ್ತು, ನಮಾಜು ತಪ್ಪುತ್ತಿತ್ತು. ಕಳೆದ ರಂಜಾನಿನಲ್ಲಿ ಮಾತ್ರ ಕುಡಿತ ಬಿಟ್ಟಿದ್ದರು. ಮೂರನೆಯ ದಿನ ಮನೆಗೆ ಬಂದ ದೊಡ್ಡಪ್ಪ ಅಮ್ಮಿಯ ಎದುರಿಗೇ, ‘ಅವನಿಗೆ ಕಬರಿನಲ್ಲಿ ಶಿಕ್ಷೆ ಶುರುವಾಗಿರುತ್ತದೆ, ನರಕ ತಪ್ಪಿದ್ದಲ್ಲ’ ಎಂದುಬಿಟ್ಟರು. ಅಂದಿನಿಂದ ಅಮ್ಮಿ ಸರಿಯಾಗಿ ಉಣ್ಣುತ್ತಿಲ್ಲ, ನಡುರಾತ್ರಿ ಎದ್ದು ಕೂರುತ್ತಾರೆ. ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಬಲೆ ರಿಪೇರಿಗೆಂದು ತಂದೆ ಮಾಡಿದ ಕೈಸಾಲವೂ ಬಾಕಿ ಇದೆ. ದುಬೈಯಲ್ಲಿರುವ ಅಣ್ಣ, ‘ಅಲ್ಲಾಹನು ಕ್ಷಮಿಸುವವನು, ಸತ್ತವರ ಸಾಲದ ಮಾತು ಬಿಡು’ ಎನ್ನುತ್ತಾನೆ. ದೊಡ್ಡಪ್ಪ ಹೇಳಿದ್ದು ನಿಜವೇ? ಅಮ್ಮಿಗೆ ನಾನು ಏನೆಂದು ಹೇಳಲಿ?

ಉತ್ತರ: ಸಹೋದರಿ, ನಿಮ್ಮ ದೊಡ್ಡಪ್ಪನವರು ಶಿಕ್ಷೆಯನ್ನು ಖಚಿತಪಡಿಸಿದ್ದಾರೆ, ಅಣ್ಣ ಕ್ಷಮೆಯನ್ನು ಖಚಿತಪಡಿಸಿದ್ದಾರೆ, ಇಬ್ಬರೂ ತಮ್ಮದಲ್ಲದ ಅಧಿಕಾರವನ್ನು ಚಲಾಯಿಸಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ. ಈ ವಾದ ಹೊಸದೇನಲ್ಲ. ಇಸ್ಲಾಮಿನ ಮೊದಲ ಶತಮಾನದಲ್ಲಿಯೇ ಖವಾರಿಜರೆಂಬ ಪಂಥದವರು ಮಹಾಪಾಪ ಮಾಡಿದವನು ಧರ್ಮದಿಂದಲೇ ಹೊರಬಿದ್ದನೆಂದು ಸಾರಿದರು. ಮುರ್ಜಿಯಾ ಎಂಬ ಇನ್ನೊಂದು ಪಂಥದವರಲ್ಲಿ ಕೆಲವರು ವಿಶ್ವಾಸವೊಂದಿದ್ದರೆ ಪಾಪದಿಂದ ಬಾಧಕವಿಲ್ಲವೆಂದರು. ಸುನ್ನಿ ವಿದ್ವಾಂಸರು ಈ ಎರಡನ್ನೂ ಒಪ್ಪಲಿಲ್ಲ. ಪಾಪ ಮಾಡಿ ಪಶ್ಚಾತ್ತಾಪಪಡದೆ ಸತ್ತ ವಿಶ್ವಾಸಿಯ ವಿಷಯ ಅಲ್ಲಾಹನ ಇಚ್ಛೆಗೆ ಬಿಟ್ಟದ್ದು, ಅವನು ಕ್ಷಮಿಸಬಹುದು ಅಥವಾ ದಂಡಿಸಬಹುದು, ದಂಡಿಸಿದರೂ ಎದೆಯಲ್ಲಿ ಈಮಾನ್ (ವಿಶ್ವಾಸ) ಇದ್ದವನು ನರಕದಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ ಎಂಬುದು ಅವರ ನಿಲುವು. ಶಿರ್ಕನ್ನು, ಅಂದರೆ ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸುವುದನ್ನು, ಬಿಟ್ಟು ಉಳಿದುದನ್ನು ತಾನು ಇಚ್ಛಿಸಿದವರಿಗೆ ಕ್ಷಮಿಸುತ್ತಾನೆಂದು ಕುರ್‌ಆನಿನ 4ನೇ ಅಧ್ಯಾಯದ 48ನೇ ವಚನವು ಹೇಳುತ್ತದೆ. ಇನ್ನು ನಿಮ್ಮ ತಂದೆಯವರಂತೂ ಕಳೆದ ರಂಜಾನಿನಲ್ಲಾದರೂ ಕುಡಿತ ಬಿಟ್ಟಿದ್ದವರು. ತಮ್ಮ ಮೇಲೆ ತಾವೇ ಅತಿರೇಕವೆಸಗಿಕೊಂಡ ದಾಸರು ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬಾರದೆಂದು ಹೇಳುವ 39ನೇ ಅಧ್ಯಾಯದ 53ನೇ ವಚನ ಇಂಥವರನ್ನು ಕುರಿತದ್ದೇ.

ಕಬರಿನ ಶಿಕ್ಷೆ ಎಂಬುದು ದೊಡ್ಡಪ್ಪನವರು ಕಟ್ಟಿದ ಮಾತಲ್ಲ ಎಂಬುದನ್ನೂ ಹೇಳಬೇಕು. ಅದರಿಂದ ರಕ್ಷಣೆ ಬೇಡುವುದನ್ನು ಪ್ರವಾದಿಯವರೇ ಕಲಿಸಿದ್ದಾರೆ. ಆದರೆ ಇಂಥವನ ಕಬರಿನಲ್ಲಿ ಇಂಥದ್ದು ನಡೆಯುತ್ತಿದೆ ಎಂದು ತಿಳಿಯುವ ದಾರಿ ನಮಗಿಲ್ಲ. ಎರಡು ಗೋರಿಗಳ ಬಳಿ ಹಾದುಹೋಗುವಾಗ ಪ್ರವಾದಿಯವರು ಅಲ್ಲಿದ್ದವರ ಯಾತನೆಯನ್ನು ತಿಳಿಸಿದ್ದುಂಟು. ಅದು ಅವರಿಗೆ ದೇವರಿಂದ ಬಂದ ತಿಳಿವಳಿಕೆ. ಅಂದ ಹಾಗೆ, ಆ ಇಬ್ಬರಲ್ಲಿ ಒಬ್ಬನ ತಪ್ಪು ಚಾಡಿ ಹೇಳಿಕೊಂಡು ತಿರುಗುತ್ತಿದ್ದುದು. ಸಾವಿನ ಮನೆಗೆ ಹೋಗಿ ಸತ್ತವರ ದೋಷಗಳನ್ನು ಬಿಚ್ಚುವವರು ಈ ಹದೀಸನ್ನು (ಪ್ರವಾದಿಯವರ ನಡೆನುಡಿಯ ವರದಿಯನ್ನು) ಪೂರ್ತಿಯಾಗಿ ಓದಿಕೊಳ್ಳುವುದು ಒಳ್ಳೆಯದು. ‘ಇಂಥವನನ್ನು ಅಲ್ಲಾಹನು ಕ್ಷಮಿಸಲಾರ’ ಎಂದು ಆಣೆಯಿಟ್ಟವನೊಬ್ಬನಿಗೆ, ‘ನನ್ನ ಪರವಾಗಿ ಆಣೆಯಿಡಲು ಇವನು ಯಾರು, ನಾನು ಅವನನ್ನು ಕ್ಷಮಿಸಿದೆ, ನಿನ್ನ ಕರ್ಮಗಳನ್ನು ವ್ಯರ್ಥಗೊಳಿಸಿದೆ’ ಎಂಬ ಉತ್ತರ ಸಿಕ್ಕಿತೆಂದು ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ.

ನಿಮ್ಮ ತಾಯಿಯವರಿಗೆ ಹೇಳಬೇಕಾದ ಪ್ರಸಂಗವೊಂದು ಸಹೀಹ್ ಬುಖಾರಿ ಎಂಬ ಇನ್ನೊಂದು ಸಂಗ್ರಹದಲ್ಲಿದೆ. ಅಬ್ದುಲ್ಲಾ ಎಂಬ ಒಬ್ಬನಿದ್ದ. ತನ್ನ ಮಾತುಗಳಿಂದ ಪ್ರವಾದಿಯವರನ್ನು ನಗಿಸುತ್ತಿದ್ದ, ಜೊತೆಗೆ ಕುಡಿಯುತ್ತಲೂ ಇದ್ದ. ಕುಡಿತಕ್ಕಾಗಿ ಹಿಂದೊಮ್ಮೆ ಏಟು ತಿಂದವನು ಮತ್ತೆ ಅದೇ ತಪ್ಪಿಗೆ ಬಂದು ನಿಂತ. ಶಿಕ್ಷೆಯಾಯಿತು. ಅಲ್ಲಿದ್ದ ಒಬ್ಬರು, ‘ಎಷ್ಟು ಸಲ ಇವನನ್ನು ಹಿಡಿದು ತರುವುದು, ಅಲ್ಲಾಹನ ಶಾಪ ತಟ್ಟಲಿ’ ಎಂದಾಗ ಪ್ರವಾದಿಯವರು ತಡೆದು, ಅವನನ್ನು ಶಪಿಸಬೇಡಿ, ಅವನು ಅಲ್ಲಾಹನನ್ನೂ ಅವನ ರಸೂಲನನ್ನೂ ಪ್ರೀತಿಸುತ್ತಾನೆಂದು ನಾನು ಬಲ್ಲೆ ಎಂದರು. ಕುಡಿತಕ್ಕೆ ಅಲ್ಲಿ ವಿನಾಯಿತಿ ಸಿಗಲಿಲ್ಲ, ಆದರೆ ಕುಡಿದವನ ಎದೆಯೊಳಗಿನ ಪ್ರೀತಿಗೆ ಪ್ರವಾದಿಯವರೇ ಸಾಕ್ಷಿ ನುಡಿದರು. ಮೂವತ್ತು ನಲವತ್ತು ವರ್ಷ ಜೊತೆಗೆ ಬಾಳಿದ ಗಂಡನಲ್ಲಿ ಅಂಥ ಪ್ರೀತಿಯನ್ನು ನಿಮ್ಮ ತಾಯಿ ಕಂಡೇ ಇರುತ್ತಾರೆ: ದೋಣಿ ನೀರಿಗಿಳಿಯುವಾಗ ಬಿಸ್ಮಿಲ್ಲಾ ಎಂದದ್ದು, ಕೊನೆಗೊಂದು ರಂಜಾನಿನಲ್ಲಿ ಕೈ ನಡುಗುತ್ತಿದ್ದರೂ ಬಾಟಲಿ ಮುಟ್ಟದೆ ಉಳಿದದ್ದು. ಅವನ್ನು ಅವರ ಬಾಯಿಂದಲೇ ಹೇಳಿಸಿರಿ, ನೀವು ಕೇಳಿರಿ.

‘ಅಬ್ಬಾ ಜನ್ನತ್‌ನಲ್ಲೇ ಇದ್ದಾರೆ’ ಎಂದು ಆಣೆ ಮಾಡಿ ಸಮಾಧಾನ ಹೇಳಲು ಹೋಗಬೇಡಿ. ಅದೂ ದೊಡ್ಡಪ್ಪನವರ ಮಾತಿನಷ್ಟೇ ಆಧಾರವಿಲ್ಲದ್ದು, ನಿಮ್ಮ ತಾಯಿ ಅದನ್ನು ನಂಬುವುದೂ ಇಲ್ಲ. ನನ್ನ ಊಹೆಯಲ್ಲಿ ಅವರನ್ನು ಕಾಡುತ್ತಿರುವುದು ಗಂಡನನ್ನು ತಿದ್ದಲಾಗಲಿಲ್ಲವೆಂಬ ತಮ್ಮದೇ ಅಪರಾಧಭಾವ. ಹಾಗಿದ್ದರೆ, ಒಬ್ಬರ ಹೊರೆಯನ್ನು ಮತ್ತೊಬ್ಬರು ಹೊರುವುದಿಲ್ಲ ಎಂಬ 6ನೇ ಅಧ್ಯಾಯದ 164ನೇ ವಚನವನ್ನು ಅವರೊಂದಿಗೆ ಕುಳಿತು ಓದಿ. ಸತ್ತವರಿಗಾಗಿ ಮಾಡುವ ದುವಾ (ಪ್ರಾರ್ಥನೆ) ಮತ್ತು ಅವರ ಹೆಸರಿನಲ್ಲಿ ಕೊಡುವ ಸದಖಾ (ದಾನ) ಅವರಿಗೆ ತಲುಪುತ್ತವೆ ಎಂಬುದರಲ್ಲಿ ಸುನ್ನಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ನಲವತ್ತನೆಯ ದಿನ ಸತ್ತವರ ಹೆಸರಿನಲ್ಲಿ ಓದುವ ಫಾತಿಹಾ ಬೇಕೇ ಬೇಡವೇ ಎಂಬ ಚರ್ಚೆಯನ್ನು ಈಗ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಅದು ಬಂದರೆ ದೊಡ್ಡಪ್ಪನವರೂ ಜೊತೆಗೇ ಬರುತ್ತಾರೆ.

ಇನ್ನು ಸಾಲ. ನಿಮ್ಮ ಪತ್ರದಲ್ಲಿ ಅದು ಕಡೆಗೆ ಬಂದಿದ್ದರೂ ಮನೆಯವರು ನಿಜವಾಗಿ ಕೈಹಾಕಬಹುದಾದ ಕೆಲಸವೆಂದರೆ ಅದೊಂದೇ. ಅಲ್ಲಾಹನ ಹಕ್ಕನ್ನು ಅಲ್ಲಾಹನು ಮನ್ನಿಸಬಹುದು, ಬಂದೆಗಳ (ಮನುಷ್ಯರ) ಹಕ್ಕು ಹಾಗಲ್ಲ. ಅದನ್ನು ತೀರಿಸಬೇಕು, ಇಲ್ಲವೇ ಕೊಟ್ಟವರು ಬಿಟ್ಟುಕೊಡಬೇಕು. ಸಾಲ ಉಳಿಸಿಹೋದ ಒಬ್ಬರ ಜನಾಜಾ (ಅಂತ್ಯಸಂಸ್ಕಾರದ) ನಮಾಜಿಗೆ ನಿಲ್ಲಲು ಪ್ರವಾದಿಯವರು ಹಿಂದೇಟು ಹಾಕಿದಾಗ, ಅಬೂ ಖತಾದಾ ಎಂಬ ಸಂಗಾತಿ ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ನಂತರವೇ ನಮಾಜು ನಡೆಯಿತು. ಆಸ್ತಿಯ ಲೆಕ್ಕದಲ್ಲಿ ಮೊದಲು ದಫನದ ಖರ್ಚು, ಅನಂತರ ಸಾಲ, ಅದಾದ ಮೇಲೆ ಮೂರನೆಯ ಒಂದು ಭಾಗ ಮೀರದ ವಸೀಯತ್ (ಉಯಿಲು), ಉಳಿದುದು ವಾರಸುದಾರರಿಗೆ. ಶಾಫಿ ಪಂಥದವರಿರಲಿ ಹನಫಿ ಪಂಥದವರಿರಲಿ, ಸಾಲ ತೀರದೆ ಪಾಲಿಲ್ಲ. ಆದ್ದರಿಂದ ದೋಣಿಯ ಪಾಲನ್ನು ಹಂಚಿಕೊಳ್ಳುವ ಮೊದಲು ಅದರಲ್ಲಿ ಸಾಲಕ್ಕೆ ಎಷ್ಟು ಹೋಗುತ್ತದೆ ಎಂದು ನೋಡಿ. ಬಿಟ್ಟುಹೋದ ಆಸ್ತಿ ಸಾಲದಷ್ಟು ಆಗದಿದ್ದರೆ ಮಿಕ್ಕಿದ್ದನ್ನು ಸ್ವಂತ ಜೇಬಿನಿಂದ ಕೊಡಲೇಬೇಕೆಂಬ ಕಟ್ಟುಪಾಡು ಮಕ್ಕಳಿಗಿಲ್ಲ, ಆದರೆ ಕೊಟ್ಟರೆ ತಂದೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಸಾಲ ಕೊಟ್ಟವರ ಮನೆಗೆ ನೀವೇ ಹೋಗಿ ಮೊತ್ತ ಕೇಳಿ ಬರೆದುಕೊಳ್ಳಿ, ಜೂನ್ 1ರಿಂದ ಜುಲೈ 31ರವರೆಗೆ ದೋಣಿ ದಡದಲ್ಲಿರುವ ತಿಂಗಳುಗಳನ್ನು ಬಿಟ್ಟು ಕಂತು ಕೇಳಿ, ಆ ಚೀಟಿಯ ಚಿತ್ರವನ್ನು ಅಣ್ಣನಿಗೆ ಕಳಿಸಿ. ಅಲ್ಲಾಹನ ಕ್ಷಮೆಯ ಬಗ್ಗೆ ಅವರೊಂದಿಗೆ ಫೋನಿನಲ್ಲಿ ವಾದಿಸುವ ಅಗತ್ಯ ಆಮೇಲೆ ಇರಲಾರದು.

ದೊಡ್ಡಪ್ಪನವರು ಮುಂದಿನ ಸಲ ಬರುವ ಮೊದಲು, ಅಮ್ಮಿಯ ಎದುರು ಆ ಮಾತು ಬೇಡವೆಂದು ಊರಿನ ಹಿರಿಯರೊಬ್ಬರ ಮೂಲಕ ಹೇಳಿಸಿ. ನೀವೇ ಹೇಳಿದರೆ ಚಿಕ್ಕವಳ ಎದುರುತ್ತರವಾದೀತು. ಒಂದು ತಿಂಗಳ ನಂತರವೂ ಊಟ, ನಿದ್ರೆ ಸರಿಹೋಗಿಲ್ಲವೆಂದರೆ ವೈದ್ಯರನ್ನು ಕಾಣಲೇಬೇಕು. ಗಂಡ ತೀರಿಕೊಂಡ ಮೇಲೆ ಹೆಂಡತಿ ಪಾಲಿಸುವ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಇದೆಯೆಂದು ನಿಮ್ಮ ತಾಯಿ ಹಿಂಜರಿಯಬಹುದು. ಚಿಕಿತ್ಸೆಯಂಥ ಅಗತ್ಯಕ್ಕೆ ಹೊರಗೆ ಹೋಗಲು ಇದ್ದತ್‌ನಲ್ಲಿ ಅಡ್ಡಿಯಿಲ್ಲ. ಅಷ್ಟರಲ್ಲಿ ಮನೆಯಿಂದಲೇ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.